ಗ್ಯಾಸಿಗೆ ವಾಸನೆ ಎಲ್ಲಿಂದ ಬಂತು, ನೊಣ ಬಲೆಗೆ ಯಾಕೆ ಬಿತ್ತು: ವಾಸನೆಯ ಕೆಮಿಸ್ಟ್ರಿಯಿಂದ ಹುಟ್ಟಿದ ಆವಿಷ್ಕಾರಗಳು

ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಈಗ ಅಡುಗೆ ಗ್ಯಾಸ್ ಪೈಪಲ್ಲೇ ಮನೆಗೆ ಬರ್ತಾ ಇದೆ, ಮಿಕ್ಕ ಕಡೆ ಸಿಲಿಂಡರ್ ಇದ್ದೇ ಇದೆ. ಎಲ್ಲಾದರೂ ಗ್ಯಾಸ್ ಲೀಕ್ ಆಗಿ ಅನಾಹುತ ಆಯ್ತು ಅಂತ ಸುದ್ದಿ ಬಂದಾಗ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ, "ವಾಸನೆ ಬಂದಿರ್ಲಿಲ್ವಾ ಅವ್ರಿಗೆ?" ಈ ಪ್ರಶ್ನೆಯ ಹಿಂದೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ, ಆ ವಾಸನೆ ಗ್ಯಾಸಿಂದೇ ಅಲ್ಲ, ಅದನ್ನ ಬೇಕು ಅಂತಲೇ ಹಾಕಿರೋದು. ನಮ್ಮ ಮೂಗನ್ನೇ ಅಲಾರಂ ತರ ಬಳಸ್ಕೊಂಡಿರೋ ಒಂದು ಆವಿಷ್ಕಾರ ಅದು. ಇದೇ ಕೆಮಿಸ್ಟ್ರಿ ಹಿಡ್ಕೊಂಡು ಹೋದ್ರೆ ಐಸ್‌ಕ್ರೀಮಿನ ವೆನಿಲ್ಲಾ, ಗಂಧದ ಸೋಪು, ಮಾವಿನ ತೋಟದಲ್ಲಿ ನೇತಾಡೋ ಪ್ಲಾಸ್ಟಿಕ್ ಡಬ್ಬ ಎಲ್ಲವೂ ಒಂದೇ ಸಂಸಾರಕ್ಕೆ ಸೇರಿದ್ದು ಅಂತ ಗೊತ್ತಾಗುತ್ತೆ. ಒಂದೊಂದಾಗಿ ನೋಡೋಣ.

ಗ್ಯಾಸಿಗೆ ತನ್ನದೇ ಅಂತ ವಾಸನೆ ಇಲ್ಲ

ಸಿಲಿಂಡರಲ್ಲಿ ಇರೋದು ಮುಖ್ಯವಾಗಿ ಪ್ರೊಪೇನ್, ಬ್ಯೂಟೇನ್. ಪೈಪಲ್ಲಿ ಬರೋದು ಮೀಥೇನ್. ಶುದ್ಧವಾಗಿದ್ರೆ ಈ ಮೂರಕ್ಕೂ ಬಣ್ಣ ಇಲ್ಲ, ಮೂಗಿಗೆ ಗೊತ್ತಾಗೋ ಅಂಥ ವಾಸನೆಯೂ ಇಲ್ಲ. ಅಂದ್ರೆ ಅಡುಗೆಮನೆ ತುಂಬಾ ಗ್ಯಾಸ್ ತುಂಬ್ಕೊಂಡಿದ್ರೂ ಒಳಗೆ ಕಾಲಿಟ್ಟೋರಿಗೆ ಒಂದು ಸುಳಿವೂ ಸಿಗಲ್ಲ.

ಇದು ಎಂಥ ಅಪಾಯ ಅನ್ನೋದು ಜಗತ್ತಿಗೆ ಗೊತ್ತಾಗಿದ್ದು ಬಹಳ ದುಬಾರಿ ಬೆಲೆ ತೆತ್ತ ಮೇಲೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನ್ಯೂ ಲಂಡನ್ ಅಂತ ಒಂದು ಊರು, ಸುತ್ತ ಎಲ್ಲ ಎಣ್ಣೆ ಬಾವಿಗಳು. ಅಲ್ಲಿನ ಶಾಲೆಯವರು ಖರ್ಚು ಉಳಿಯುತ್ತೆ ಅಂತ ಎಣ್ಣೆ ಕಂಪನಿಯ ಪೈಪಲ್ಲಿ ಹೋಗ್ತಿದ್ದ ಉಳಿಕೆ ಗ್ಯಾಸನ್ನೇ ಕಟ್ಟಡ ಬೆಚ್ಚಗಿಡೋಕೆ ಬಳಸ್ತಿದ್ರು. ಅದು ಎಲ್ಲೋ ಸೋರಿ ನೆಲದ ಕೆಳಗಿನ ಖಾಲಿ ಜಾಗದಲ್ಲಿ ತುಂಬ್ಕೊಳ್ತಾ ಹೋಯ್ತು, ವಾಸನೆ ಇಲ್ವಲ್ಲ, ಯಾರಿಗೂ ಗೊತ್ತಾಗಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಮರ ಉಜ್ಜೋ ಮಷಿನ್ನಿನ ಸ್ವಿಚ್ಚಿಂದ ಒಂದು ಕಿಡಿ ಹಾರಿದ್ದೇ ತಡ ಇಡೀ ಶಾಲೆ ಎದ್ದು ಬಿತ್ತು. ಸತ್ತವರು ಸುಮಾರು 300 ಜನ, ಬಹುಪಾಲು ಮಕ್ಕಳು. ಅದಾದ ಮೇಲೆ ಟೆಕ್ಸಾಸ್‌ನಲ್ಲಿ ಗ್ಯಾಸಿಗೆ ಕಡ್ಡಾಯವಾಗಿ ವಾಸನೆ ಸೇರಿಸಬೇಕು ಅನ್ನೋ ಕಾನೂನು ಬಂತು, ನಿಧಾನಕ್ಕೆ ಈ ಪದ್ಧತಿ ಎಲ್ಲ ಕಡೆ ಹರಡ್ತು.

ಸೇರಿಸೋ ವಸ್ತುವಿನ ಹೆಸರು ಮರ್ಕ್ಯಾಪ್ಟಾನ್, ನಮ್ಮ ಎಲ್‌ಪಿಜಿಯಲ್ಲಿ ಈಥೈಲ್ ಮರ್ಕ್ಯಾಪ್ಟಾನ್. ಎರಡು ಕಾರ್ಬನ್, ಅದರ ತುದೀಲಿ ಒಂದು ಗಂಧಕ ಅಂದ್ರೆ ಸಲ್ಫರ್, ಅಷ್ಟೇ ಅದರ ಮೈ. ಕೊಳೆತ ಎಲೆಕೋಸು, ಈರುಳ್ಳಿ, ಬೆಳ್ಳುಳ್ಳಿ ಇವುಗಳ ಘಾಟು ವಾಸನೆ ಬರೋದು ಕೂಡ ಸಲ್ಫರ್ ಇರೋ ಇಂಥದೇ ಅಣುಗಳಿಂದ. ಕೆಟ್ಟುಹೋದ ಆಹಾರ, ಕೊಳೆತ ಮಾಂಸ ಇವುಗಳಲ್ಲೂ ಈ ಜಾತಿಯ ಅಣುಗಳು ಇರೋದ್ರಿಂದಲೋ ಏನೋ ನಮ್ಮ ಮೂಗು ಇದರ ವಿಷಯದಲ್ಲಿ ವಿಪರೀತ ಚುರುಕು, ಗಾಳಿಯ ನೂರು ಕೋಟಿ ಭಾಗದಲ್ಲಿ ಒಂದು ಭಾಗ ಇದ್ರೂ ಬಹಳಷ್ಟು ಜನ ಹಿಡೀತಾರೆ. ಅಮೆರಿಕದಲ್ಲಿ ಒಂದು ಜಾತಿ ರಣಹದ್ದು ಇದೆ, ವಾಸನೆ ಹಿಡಿದೇ ಹೆಣ ಹುಡುಕೋದು ಅದು. ಕ್ಯಾಲಿಫೋರ್ನಿಯಾದಲ್ಲಿ ಗ್ಯಾಸ್ ಪೈಪ್ ಸೋರೋ ಜಾಗದ ಮೇಲೆ ಈ ಹದ್ದುಗಳು ಸುತ್ತು ಹಾಕೋದನ್ನ ನೋಡಿ ಕೆಲಸದವರು ಲೀಕ್ ಎಲ್ಲಿದೆ ಅಂತ ಕಂಡುಹಿಡೀತಿದ್ರಂತೆ.

ಎಷ್ಟು ಹಾಕಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಎಲ್‌ಪಿಜಿಗೆ ಬೆಂಕಿ ಹತ್ತಬೇಕಾದ್ರೆ ಗಾಳಿಯಲ್ಲಿ ನೂರಕ್ಕೆ ಸುಮಾರು 2 ಭಾಗ ಆದ್ರೂ ಗ್ಯಾಸ್ ಇರಬೇಕು. ಆ ಮಟ್ಟದ ಐದನೇ ಒಂದು ಭಾಗ ಸೇರ್ಕೊಳ್ಳೋ ಹೊತ್ತಿಗೇ ಸಾಮಾನ್ಯ ಮೂಗಿಗೆ ಗೊತ್ತಾಗಬೇಕು, ಇದು ನಿಯಮ. ಹಾಗಾಗಿ ವಾಸನೆ ಬಂದ ತಕ್ಷಣ ಸ್ಫೋಟ ಆಗಿಬಿಡುತ್ತೆ ಅಂತ ಅಲ್ಲ, ಇನ್ನೂ ಸ್ವಲ್ಪ ಟೈಮ್ ಇದೆ ಅಂತ ಅರ್ಥ. ಆ ಟೈಮನ್ನ ಸರಿಯಾಗಿ ಬಳಸ್ಕೋಬೇಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೀರಿ, ಲೈಟು ಫ್ಯಾನು ಯಾವ ಸ್ವಿಚ್ಚೂ ಮುಟ್ಟಬೇಡಿ, ಹಾಕೋದೂ ಬೇಡ ಆರಿಸೋದೂ ಬೇಡ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಲೀಕ್ ತುರ್ತು ಸಹಾಯವಾಣಿ. ವಾಸನೆ ಹೋಗ್ಲಿ ಅಂತ ರೂಮ್ ಫ್ರೆಶ್‌ನರ್ ಹೊಡೆಯೋದು, ಅಗರಬತ್ತಿ ಹಚ್ಚೋದು ಇದನ್ನ ಮಾತ್ರ ದಯವಿಟ್ಟು ಮಾಡಬೇಡಿ.

ಆದ್ರೆ ಮೂಗನ್ನೇ ಪೂರ್ತಿ ನಂಬೋ ಹಾಗೂ ಇಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತ್ರೆ ಮೂಗು ಅದಕ್ಕೆ ಒಗ್ಗಿ ಹೇಳೋದೇ ನಿಲ್ಲಿಸುತ್ತೆ. ವಯಸ್ಸಾದವರಿಗೆ ಘ್ರಾಣಶಕ್ತಿ ಕಮ್ಮಿ, ಕೋವಿಡ್ ಆದ ಮೇಲೆ ವಾಸನೆ ಪೂರ್ತಿ ಬರದೇ ಇರೋರೂ ಇದ್ದಾರೆ. ಹೊಸ ಉಕ್ಕಿನ ಟ್ಯಾಂಕ್ ಒಳಗೆ ತುಕ್ಕು ಇದ್ರೆ ಮರ್ಕ್ಯಾಪ್ಟಾನ್ ಅದರ ಜೊತೆ ವರ್ತಿಸಿ ವಾಸನೆಯೇ ಸಪ್ಪೆ ಆಗೋದೂ ಉಂಟು. ಇದಕ್ಕೇ ಗ್ಯಾಸ್ ಡಿಟೆಕ್ಟರ್ ಬಂದಿದ್ದು. 1960ರ ದಶಕದಲ್ಲಿ ಜಪಾನಿನ ನಾವೊಯೋಶಿ ತಾಗುಚಿ ಕಂಡುಹಿಡಿದ ಸೆನ್ಸರ್ ಅದರ ಮೂಲ. ಒಳಗೆ ಬಿಸಿ ಮಾಡಿಟ್ಟ ಟಿನ್ ಆಕ್ಸೈಡ್ ಇರುತ್ತೆ, ಗಾಳಿಯ ಆಕ್ಸಿಜನ್ ಅದರ ಮೇಲೆ ಕೂತು ಎಲೆಕ್ಟ್ರಾನುಗಳನ್ನ ಹಿಡಿದಿಟ್ಕೊಂಡಿರುತ್ತೆ, ಗ್ಯಾಸ್ ಬಂದು ಆ ಆಕ್ಸಿಜನ್ ಜೊತೆ ಸೇರಿದ ಕೂಡಲೇ ಎಲೆಕ್ಟ್ರಾನು ಬಿಡುಗಡೆಯಾಗಿ ಕರೆಂಟ್ ಸಲೀಸಾಗಿ ಹರಿಯುತ್ತೆ, ಅಲಾರಂ ಕೂಗುತ್ತೆ. ಇಲ್ಲಿ ಒಂದು ವಿಷಯ ನೆನಪಿಡಿ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತೆ, ಅದಕ್ಕೆ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಪೈಪ್ ಗ್ಯಾಸ್ ಹಗುರ, ಮೇಲೇರುತ್ತೆ, ಅದಕ್ಕೆ ಸೀಲಿಂಗ್ ಹತ್ತಿರ ಇರಬೇಕು. ಸಿಲಿಂಡರಿಂದ ಪೈಪಿಗೆ ಬದಲಾದವರು ಹಳೇ ಜಾಗದಲ್ಲೇ ಬಿಟ್ಟಿದ್ರೆ ಉಪಯೋಗ ಇಲ್ಲ.

ಮೂಗಿನ ಒಳಗೆ ಏನಾಗುತ್ತೆ

ವಾಸನೆ ಅಂದ್ರೆ ಗಾಳಿಯಲ್ಲಿ ತೇಲ್ಕೊಂಡು ಬಂದ ಅಣುಗಳು, ಬೇರೇನೂ ಅಲ್ಲ. ಒಂದು ವಸ್ತುವಿಗೆ ವಾಸನೆ ಇರಬೇಕಾದ್ರೆ ಅದರ ಅಣು ಹಗುರವಾಗಿದ್ದು ಆವಿಯಾಗಿ ಹಾರೋ ಹಾಗಿರಬೇಕು. ಉಪ್ಪು ಹಾರಲ್ಲ, ಅದಕ್ಕೆ ಉಪ್ಪಿಗೆ ವಾಸನೆ ಇಲ್ಲ. ಬಿಸಿ ಮಾಡಿದ್ರೆ ಹೆಚ್ಚು ಹಾರುತ್ತೆ, ಅದಕ್ಕೇ ಒಗ್ಗರಣೆ ಬಿದ್ದ ಕೂಡಲೇ ಪಕ್ಕದ ಮನೆಗೆ ಗೊತ್ತಾಗೋದು.

ಮೂಗಿನ ಹೊಳ್ಳೆಯ ಮೇಲ್ತುದೀಲಿ, ಹೆಚ್ಚೂಕಮ್ಮಿ ಎರಡು ಕಣ್ಣಿನ ಮಧ್ಯದ ಮಟ್ಟಕ್ಕೆ, ಕೆಲವೇ ಚದರ ಸೆಂಟಿಮೀಟರ್ ಅಗಲದ ಪೊರೆ ಇದೆ. ಅದರಲ್ಲಿರೋ ನರಕೋಶಗಳ ತುದೀಲಿ ರಿಸೆಪ್ಟರ್ ಅನ್ನೋ ಪ್ರೋಟೀನುಗಳು ಇರ್ತವೆ, ಹಾರ್ಕೊಂಡು ಬಂದ ಅಣು ಇವಕ್ಕೆ ಅಂಟ್ಕೊಂಡ್ರೆ ಮೆದುಳಿಗೆ ಸಿಗ್ನಲ್ ಹೋಗುತ್ತೆ. ಮನುಷ್ಯರಲ್ಲಿ ಸುಮಾರು 400 ಬಗೆಯ ರಿಸೆಪ್ಟರ್ ಇವೆ. ಈ ರಿಸೆಪ್ಟರುಗಳ ಜೀನ್‌ಗಳನ್ನ 1991ರಲ್ಲಿ ಕಂಡುಹಿಡಿದಿದ್ದು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್, ಅದಕ್ಕೆ 2004ರಲ್ಲಿ ನೊಬೆಲ್ ಕೊಟ್ರು.

ಬರೀ 400 ಬಗೆ ಇಟ್ಕೊಂಡು ಸಾವಿರಾರು ವಾಸನೆ ಹೇಗೆ ಗೊತ್ತಾಗುತ್ತೆ? ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಇದೆ, ಅಷ್ಟರಲ್ಲೇ ಇಡೀ ಕನ್ನಡದ ಎಲ್ಲಾ ಪದಗಳನ್ನೂ ಬರೀತೀವಲ್ಲ, ಹಾಗೆ. ಒಂದು ಅಣು ಒಂದೇ ರಿಸೆಪ್ಟರನ್ನ ಎಬ್ಬಿಸಲ್ಲ, ಹಲವನ್ನ ಎಬ್ಬಿಸುತ್ತೆ, ಒಂದೊಂದು ರಿಸೆಪ್ಟರ್ ಹಲವು ಅಣುಗಳಿಗೆ ಸ್ಪಂದಿಸುತ್ತೆ, ಯಾವ್ಯಾವುದು ಒಟ್ಟಿಗೆ ಎದ್ದಿದೆ ಅಂತ ನೋಡಿ ಮೆದುಳು ಇದು ಮಲ್ಲಿಗೆ, ಇದು ಇಂಗು ಅಂತ ಓದ್ಕೊಳ್ಳುತ್ತೆ.

ಅಣುವಿನ ಆಕಾರ ಚೂರು ಬದಲಾದ್ರೂ ಪೂರ್ತಿ ಬೇರೆ ವಾಸನೆ. ಇದಕ್ಕೆ ಮನೇಲೇ ಒಂದು ಉದಾಹರಣೆ ಸಿಗುತ್ತೆ. ಪುದೀನ ಸೊಪ್ಪನ್ನ ಅಂಗೈಲಿ ಉಜ್ಜಿ ಮೂಸಿ, ಆಮೇಲೆ ಸಬ್ಬಸಿಗೆ ಬೀಜವನ್ನ (ಸೊಪ್ಪಲ್ಲ, ಬೀಜ) ಜಜ್ಜಿ ಮೂಸಿ. ಎರಡಕ್ಕೂ ಸಂಬಂಧವೇ ಇಲ್ಲ ಅನ್ಸುತ್ತೆ. ಆದ್ರೆ ಎರಡರಲ್ಲೂ ಮುಖ್ಯವಾಗಿ ಇರೋದು ಕಾರ್ವೋನ್ ಅನ್ನೋ ಅಣುವೇ, ಅದೇ ಕಾರ್ಬನ್, ಅದೇ ಹೈಡ್ರೋಜನ್, ಅದೇ ಜೋಡಣೆ, ಒಂದೇ ವ್ಯತ್ಯಾಸ ಅಂದ್ರೆ ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಎಡಗೈ ಗ್ಲೌಸ್ ಬಲಗೈಗೆ ಕೂರಲ್ಲವಲ್ಲ, ಹಾಗಾಗಿ ರಿಸೆಪ್ಟರುಗಳು ಎರಡನ್ನೂ ಬೇರೆಬೇರೆ ಅಂತಲೇ ಓದ್ತವೆ.

ಪ್ರಮಾಣ ಕೂಡ ಮುಖ್ಯ. ಮಲ್ಲಿಗೆ ಹೂವಲ್ಲಿ ಇಂಡೋಲ್ ಅನ್ನೋ ಅಣು ಇದೆ. ಅದನ್ನೇ ಗಾಢವಾಗಿ ಬಾಟಲಿಯಲ್ಲಿ ತುಂಬಿ ಮೂಸಿದ್ರೆ ಮಲದ ವಾಸನೆ, ನಿಜವಾಗ್ಲೂ, ಮಲದಲ್ಲೂ ಅದು ಇರುತ್ತೆ. ಚೂರೇಚೂರು ಇದ್ದು ಜೊತೆಗೆ ಬೇರೆ ಅಣುಗಳು ಸೇರಿದ್ರೆ ಮಾತ್ರ ಮಲ್ಲಿಗೆ. ಇಂಡೋಲ್ ಪೂರ್ತಿ ತೆಗೆದು ಮಾಡಿದ ಮಲ್ಲಿಗೆ ಸೆಂಟು ಯಾಕೋ ಸಪ್ಪೆ, ಸೋಪಿನ ಹಾಗೆ ಅನ್ಸುತ್ತೆ.

ಬೇಡದ ವಾಸನೆಯನ್ನ ಕಟ್ಟಿಹಾಕೋದು

ಅಣು ಹಾರಿದ್ರೆ ತಾನೇ ವಾಸನೆ, ಹಾಗಾದ್ರೆ ಹಾರದ ಹಾಗೆ ಮಾಡಿದ್ರೆ ಆಯ್ತು. ಕರಾವಳಿಯವರು ಇದನ್ನ ಕೆಮಿಸ್ಟ್ರಿ ಓದದೇನೇ ತಲೆಮಾರುಗಳಿಂದ ಮಾಡ್ಕೊಂಡು ಬಂದಿದ್ದಾರೆ. ಸಮುದ್ರದ ಮೀನಿನ ಹಸಿ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್, ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನ ಮಾಡ್ತವೆ. ಇದು ಕ್ಷಾರ ಗುಣದ್ದು. ನಿಂಬೆರಸ, ಹುಣಸೆಹುಳಿ, ಪುನರ್ಪುಳಿ ಯಾವುದೇ ಹುಳಿ ಬಿದ್ರೂ ಅದರ ಜೊತೆ ಸೇರಿ ಲವಣ ಆಗಿಬಿಡುತ್ತೆ, ಲವಣ ಹಾರಲ್ಲ, ಮೂಗಿಗೆ ತಲುಪಲ್ಲ.

1990ರ ದಶಕದಲ್ಲಿ ಬಂದ ಫಬ್ರೀಜ್ ಅನ್ನೋ ಸ್ಪ್ರೇ ಬೇರೆ ದಾರಿ ಹಿಡೀತು. ಅದರಲ್ಲಿರೋದು ಸೈಕ್ಲೋಡೆಕ್ಸ್‌ಟ್ರಿನ್, ಪಿಷ್ಟದಿಂದ ಮಾಡಿದ ಬಳೆ ಆಕಾರದ ಅಣು, ನಡುವೆ ಟೊಳ್ಳು. ಬಟ್ಟೆಯ ಮೇಲಿನ ವಾಸನೆಯ ಅಣು ಆ ಟೊಳ್ಳಿನೊಳಗೆ ಹೋಗಿ ಕೂತ್ಕೊಳ್ಳುತ್ತೆ. ಬರೀ ಸುವಾಸನೆ ಸಿಂಪಡಿಸೋ ಸ್ಪ್ರೇ ಹಾಗಲ್ಲ, ಅದು ಕೆಟ್ಟದ್ದರ ಮೇಲೆ ಒಳ್ಳೇದನ್ನ ಹೊದಿಸುತ್ತೆ, ಒಳ್ಳೇದು ಹಾರಿಹೋದ ಮೇಲೆ ಹಳೇದು ಅಲ್ಲೇ ಇರುತ್ತೆ.

ಮಲೆನಾಡಿನ ವೆನಿಲ್ಲಾ, ಮಜ್ಜಿಗೆ ಹುಲ್ಲು, ಮತ್ತು ಒಬ್ಬ ಜರ್ಮನ್

2000ದ ಆಸುಪಾಸಲ್ಲಿ ಮಲೆನಾಡು, ಕರಾವಳಿ ತೋಟಗಳಲ್ಲಿದ್ದವರಿಗೆ ವೆನಿಲ್ಲಾ ಅಂದ ಕೂಡಲೇ ಐಸ್‌ಕ್ರೀಮಿಗಿಂತ ಮುಂಚೆ ರೇಟು ನೆನಪಾಗುತ್ತೆ. ಬೆಳಗ್ಗೆ ಹೂ ಅರಳಿರೋ ಕೆಲವೇ ಗಂಟೆಯಲ್ಲಿ ಕಡ್ಡಿ ಹಿಡ್ಕೊಂಡು ಒಂದೊಂದೇ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡಬೇಕು, ಯಾಕಂದ್ರೆ ಅದನ್ನ ಮಾಡೋ ಕೀಟ ನಮ್ಮಲ್ಲಿಲ್ಲ. ಈ ಕೈಚಳಕ ಕಂಡುಹಿಡಿದಿದ್ದು ಎಡ್ಮಂಡ್ ಆಲ್ಬಿಯಸ್, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ, 1841ರಲ್ಲಿ. ಇವತ್ತಿಗೂ ಜಗತ್ತಿನ ವೆನಿಲ್ಲಾ ಬೆಳೆ ನಿಂತಿರೋದು ಆ ಹುಡುಗ ತೋರಿಸಿದ ದಾರಿ ಮೇಲೆ.

ಹಸಿ ಕೋಡನ್ನ ಮೂಸಿದ್ರೆ ಏನೂ ವಾಸನೆ ಇರಲ್ಲ. ವೆನಿಲಿನ್ ಅನ್ನೋ ಅಣು ಸಕ್ಕರೆಗೆ ಅಂಟ್ಕೊಂಡು ಭಾರವಾಗಿ ಕೂತಿರುತ್ತೆ, ಹಾರಲ್ಲ. ಬಿಸಿನೀರಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ಬಿಸಿಲಿಗಿಟ್ಟು ತಿಂಗಳುಗಟ್ಟಲೆ ಹದ ಮಾಡಿದಾಗ ಕೋಡಿನೊಳಗಿನ ಎನ್‌ಜೈಮ್ ಆ ಸಕ್ಕರೆಯನ್ನ ಕಡಿದು ಹಾಕುತ್ತೆ, ಆಗ ವಾಸನೆ ಬರೋದು. ಇಷ್ಟೆಲ್ಲ ಮಾಡಿದ್ರೂ ಒಣಗಿದ ಕೋಡಿನಲ್ಲಿ ವೆನಿಲಿನ್ ಇರೋದು ನೂರಕ್ಕೆ 2 ಭಾಗದಷ್ಟು.

1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ವಿಲ್‌ಹೆಲ್ಮ್ ಹಾರ್ಮನ್ ಇದೇ ವೆನಿಲಿನ್ನನ್ನ ಪೈನ್ ಮರದ ರಸದಲ್ಲಿರೋ ಒಂದು ವಸ್ತುವಿಂದ ಮಾಡಿ ತೋರಿಸಿದ್ರು, ಹೋಲ್ಟ್ಸ್‌ಮಿಂಡೆನ್ ಅನ್ನೋ ಊರಲ್ಲಿ ಫ್ಯಾಕ್ಟರಿಯೂ ಶುರುವಾಯ್ತು. ಈಗ ಬಹುಪಾಲು ವೆನಿಲಿನ್ ತಯಾರಾಗೋದು ಪೆಟ್ರೋಲಿಯಂ ಮೂಲದ ಕಚ್ಚಾವಸ್ತುವಿಂದ. ಅಣು ಅದೇ. ಆದ್ರೆ ಅಸಲಿ ಕೋಡಿನಲ್ಲಿ ವೆನಿಲಿನ್ ಜೊತೆಗೆ ನೂರಾರು ಬೇರೆ ಅಣುಗಳು ಚೂರುಚೂರು ಇರೋದ್ರಿಂದ ಅದರ ಪರಿಮಳಕ್ಕೆ ಒಂದು ತುಂಬುತನ ಇರುತ್ತೆ, ಲ್ಯಾಬಿನದ್ದು ಒಂದೇ ಸ್ವರ. ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತ ಬಂದು ಬೆಳೆ ಹಾಳಾದಾಗ ಜಗತ್ತಲ್ಲೆಲ್ಲ ರೇಟು ಏರ್ತಾ ಹೋಯ್ತು, ನಮ್ಮ ರೈತರು ಅಡಿಕೆ ಮರಗಳ ನಡುವೆ ಬಳ್ಳಿ ಹಬ್ಬಿಸಿದ್ರು. ಅದೇ ಹೊತ್ತಲ್ಲಿ ರೇಟು ತಡ್ಕೊಳ್ಳೋಕಾಗದ ಆಹಾರ ಕಂಪನಿಗಳು ಲ್ಯಾಬಿನ ವೆನಿಲಿನ್ನಿಗೆ ವಾಲಿದ್ವು, ಹೊಸ ಬೆಳೆಯೂ ಎಲ್ಲ ಕಡೆಯಿಂದ ಮಾರ್ಕೆಟ್ಟಿಗೆ ಬಂತು, ಕೆಲವೇ ವರ್ಷದಲ್ಲಿ ರೇಟು ಪಾತಾಳಕ್ಕೆ ಬಿತ್ತು. ಬಳ್ಳಿ ಕಿತ್ತು ಹಾಕಿದ ಎಷ್ಟೋ ಮನೆಗಳಿಗೆ ತಾವು ಯಾರ ಜೊತೆ ಪೈಪೋಟಿಗೆ ಇಳಿದಿದ್ವಿ ಅನ್ನೋದೇ ಗೊತ್ತಿರಲಿಲ್ಲ, ಅದನ್ನ ಮೊದಲೇ ಯಾರಾದ್ರೂ ಬಿಡಿಸಿ ಹೇಳಬೇಕಿತ್ತು.

ಇದೇ ಟೀಮನ್ 1893ರಲ್ಲಿ ಪೌಲ್ ಕ್ರ್ಯೂಗರ್ ಜೊತೆ ಸೇರಿ ಇನ್ನೊಂದು ಕೆಲಸ ಮಾಡಿದ. ಯುರೋಪಲ್ಲಿ ವಯೊಲೆಟ್ ಅನ್ನೋ ಪುಟ್ಟ ಹೂವಿನ ಸೆಂಟಿಗೆ ಭಾರೀ ಬೇಡಿಕೆ, ಹೂವಿಂದ ಸಿಗೋ ಎಣ್ಣೆಯೋ ತೀರಾ ಕಮ್ಮಿ. ನಮ್ಮ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್ ಅನ್ನೋ ಅಣು ಧಾರಾಳವಾಗಿ ಇದೆ, ಆ ನಿಂಬೆ ತರದ ವಾಸನೆ ಅದರದ್ದೇ. ಸಿಟ್ರಾಲನ್ನ ಅಸಿಟೋನ್ ಜೊತೆ (ನೇಲ್ ಪಾಲಿಶ್ ತೆಗೆಯೋಕೆ ಬಳಸೋದು) ಸೇರಿಸಿ, ಆಮೇಲೆ ಆಸಿಡ್ ಹಾಕಿದ್ರೆ ಅಯೊನೋನ್ ಸಿಗುತ್ತೆ, ವಯೊಲೆಟ್ ಹೂವಿನ ಪರಿಮಳ. ಸೆಂಟಿಗಾಗಿ ಹುಡುಕಿದ ಈ ದಾರಿ ಮುಂದೆ ಔಷಧಕ್ಕೂ ಬಂತು, 1940ರ ದಶಕದಲ್ಲಿ ವಿಟಮಿನ್ ಎ ಅನ್ನ ಕಾರ್ಖಾನೆಯಲ್ಲಿ ತಯಾರಿಸೋ ವಿಧಾನ ಕಂಡುಕೊಂಡಾಗ ಶುರುವಾತಿನ ವಸ್ತು ಬೀಟಾ ಅಯೊನೋನ್.

ಗಂಧ ಯಾಕೆ ಅಷ್ಟು ಸುಲಭಕ್ಕೆ ಸಿಗಲಿಲ್ಲ

ಮೊದಲ ಮಹಾಯುದ್ಧ ಶುರುವಾಗೋ ತನಕ ಮೈಸೂರು ಸಂಸ್ಥಾನದ ಗಂಧದ ಮರ ಹೊರದೇಶಕ್ಕೆ ಹೋಗಿ ಅಲ್ಲಿ ಎಣ್ಣೆಯಾಗ್ತಿತ್ತು, ಜರ್ಮನಿ ದೊಡ್ಡ ಗಿರಾಕಿ. ಯುದ್ಧ ಬಂದು ವ್ಯಾಪಾರ ನಿಂತಾಗ ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನ ನಾವೇ ತೆಗೆಯೋಣ ಅಂತ ನಿರ್ಧರಿಸಿದ್ರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ನೆರವು ಕೊಟ್ರು, 1916ರಲ್ಲಿ ಎಣ್ಣೆ ತೆಗೆಯೋದು ಶುರುವಾಯ್ತು, 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಬಂತು.

ಪರಿಮಳ ಇರೋದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ, ಹೊರಗಿನ ಬಿಳಿ ಭಾಗದಲ್ಲಿ ಇಲ್ಲ. ಚೇಗನ್ನ ಪುಡಿ ಮಾಡಿ ಹಬೆ ಹಾಯಿಸಿದ್ರೆ ಎಣ್ಣೆ ಹಬೆ ಜೊತೆ ಹಾರಿ ಬರುತ್ತೆ, ತಣ್ಣಗೆ ಮಾಡಿದಾಗ ನೀರಿನ ಮೇಲೆ ತೇಲುತ್ತೆ. ಆ ಎಣ್ಣೆಯ ಹೆಚ್ಚೂಕಮ್ಮಿ ಅರ್ಧ ಆಲ್ಫಾ ಸ್ಯಾಂಟಲಾಲ್, ಸುಮಾರು ಐದನೇ ಒಂದು ಭಾಗ ಬೀಟಾ ಸ್ಯಾಂಟಲಾಲ್. ನಾವು ಗಂಧ ಅಂತ ಗುರುತಿಸೋ ವಾಸನೆಯಲ್ಲಿ ಬೀಟಾದ ಪಾತ್ರವೇ ದೊಡ್ಡದು. ಇವು 15 ಕಾರ್ಬನ್ ಇರೋ ಭಾರದ ಅಣುಗಳು, ನಿಧಾನಕ್ಕೆ ಹಾರ್ತವೆ, ಅದಕ್ಕೇ ಗಂಧದ ಪರಿಮಳ ಮೈಮೇಲೆ ಗಂಟೆಗಟ್ಟಲೆ ನಿಲ್ಲುತ್ತೆ. ಕನೌಜ್‌ನ ಅತ್ತರು ಮಾಡೋರು ಗುಲಾಬಿ, ಕೇದಿಗೆ, ಮೊದಲ ಮಳೆಯ ಮಣ್ಣು ಇವುಗಳ ವಾಸನೆಯನ್ನ ಗಂಧದೆಣ್ಣೆಯಲ್ಲೇ ಹಿಡಿದಿಡ್ತಿದ್ದಿದ್ದು ಇದೇ ಕಾರಣಕ್ಕೆ, ಬೇಗ ಹಾರೋದನ್ನ ಅದು ಹಿಡ್ಕೊಂಡಿರುತ್ತೆ.

ವೆನಿಲಿನ್ ತರ ಸ್ಯಾಂಟಲಾಲನ್ನೂ ಲ್ಯಾಬಲ್ಲಿ ಮಾಡಬಹುದು, ಮಾಡಿದ್ದಾರೆ ಕೂಡ, ಆದ್ರೆ ಅದರ ಉಂಗುರಗಳು ಒಂದಕ್ಕೊಂದು ಹೆಣೆದ್ಕೊಂಡಿರೋ ರೀತಿ ಎಷ್ಟು ಗೋಜಲು ಅಂದ್ರೆ ಹಂತಗಳು ಜಾಸ್ತಿ, ಖರ್ಚು ಜಾಸ್ತಿ, ಮಾರೋ ಮಟ್ಟಕ್ಕೆ ಗಿಟ್ಟಲ್ಲ. ಅದಕ್ಕೆ ಕೆಮಿಸ್ಟ್‌ಗಳು ಬೇರೆ ಉಪಾಯ ಮಾಡಿದ್ರು, ಅದೇ ಅಣು ಬೇಡ, ಅದೇ ರಿಸೆಪ್ಟರುಗಳನ್ನ ಎಬ್ಬಿಸೋ ಸುಲಭದ ಅಣು ಸಿಕ್ಕಿದ್ರೆ ಸಾಕು. ಪೈನ್ ಮರದ ಟರ್ಪೆಂಟೈನ್ ಎಣ್ಣೆಯಿಂದ ಶುರುಮಾಡಿ ಸ್ಯಾಂಡಲೋರ್, ಜಾವಾನಾಲ್ ಇಂಥ ಅಣುಗಳನ್ನ ಮಾಡಿದ್ರು. ಇವು ಗಂಧದ ಮರದಲ್ಲಿ ಎಲ್ಲೂ ಇಲ್ಲ, ಆದ್ರೂ ಮೂಗು ಗಂಧ ಅನ್ನುತ್ತೆ. ಕಡಿಮೆ ಬೆಲೆಯ ಅಗರಬತ್ತಿ, ಟಾಲ್ಕಂ ಪೌಡರಿನ ಗಂಧ ಇಂಥದ್ದು. ಇದರಿಂದ ಒಂದು ಅಚ್ಚರಿಯೂ ಬಂತು. 2014ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ನಮ್ಮ ಚರ್ಮದ ಕೋಶಗಳಲ್ಲೂ ವಾಸನೆಯ ರಿಸೆಪ್ಟರ್ ಇದೆ, ಸ್ಯಾಂಡಲೋರ್ ಹಾಕಿದ್ರೆ ಅದು ಎದ್ದು ಕೋಶಗಳು ಬೇಗ ಬೆಳೀತವೆ ಅಂತ ಲ್ಯಾಬಲ್ಲಿ ತೋರಿಸಿದ್ರು.

ಈಗ ಮೂರನೇ ದಾರಿಯೂ ಬಂದಿದೆ. ಗಂಧದ ಮರದಲ್ಲಿ ಈ ಎಣ್ಣೆ ತಯಾರಿಸೋ ಎನ್‌ಜೈಮಿನ ಜೀನನ್ನ ಸೂಕ್ಷ್ಮಜೀವಿಗಳಿಗೆ ಹಾಕಿ, ಸಕ್ಕರೆ ಉಣ್ಣಿಸಿ, ಟ್ಯಾಂಕಿನಲ್ಲೇ ಸ್ಯಾಂಟಲಾಲ್ ತೆಗೀತಾರೆ. ಗಂಧದ ಗಿಡ ನೆಟ್ಟು ವರ್ಷಾನುಗಟ್ಟಲೆ ಕಾಯ್ತಿರೋ ರೈತರು ಈ ಬೆಳವಣಿಗೆ ಮೇಲೆ ಒಂದು ಕಣ್ಣಿಟ್ಟಿರೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ವೆನಿಲ್ಲಾದಲ್ಲಿ ಆಗಿದ್ದು ಹಳೇ ಮಾತೇನಲ್ಲ.

ಹುಳಗಳ ಭಾಷೆ ಕದ್ದು ಮಾಡಿದ ಬಲೆ

ರೇಷ್ಮೆ ಮೊಟ್ಟೆ ತಯಾರಿಸೋ ಕೇಂದ್ರದಲ್ಲಿ ಗೂಡಿಂದ ಪತಂಗ ಹೊರಗೆ ಬರೋ ಬೆಳಗಿನ ಹೊತ್ತು ನಿಂತು ನೋಡಿ. ಹೆಣ್ಣು ಪತಂಗ ಕೂತಲ್ಲೇ ಕೂತಿರುತ್ತೆ, ಹಿಂಭಾಗದಲ್ಲಿ ಹಳದಿ ಬಣ್ಣದ ಎರಡು ಪುಟ್ಟ ಗ್ರಂಥಿ ಉಬ್ಬಿಸ್ಕೊಂಡು. ಗಂಡು ಮಾತ್ರ ರೆಕ್ಕೆ ಪಟಪಟ ಬಡೀತಾ ತಟ್ಟೆ ತುಂಬಾ ಸುತ್ತುತ್ತೆ, ಅದಕ್ಕೆ ಹಾರೋಕೆ ಬರಲ್ಲ, ಆದ್ರೂ ಸೀದಾ ಹೆಣ್ಣಿನ ಹತ್ತಿರ ಹೋಗಿ ನಿಲ್ಲುತ್ತೆ. ಕರೀತಾ ಇರೋದು ಒಂದು ವಾಸನೆ. ಅದು ಯಾವ ಅಣು ಅಂತ ತಿಳಿಯೋಕೆ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಸುಮಾರು 20 ವರ್ಷ ತಗೊಂಡ. 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿ ಕತ್ತರಿಸಿ ಸಂಗ್ರಹಿಸಿದ ಮೇಲೆ ಕೊನೆಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. 1959ರಲ್ಲಿ ಅದರ ರಚನೆ ಪ್ರಕಟ ಮಾಡಿ ಬಾಂಬಿಕಾಲ್ ಅಂತ ಹೆಸರಿಟ್ಟ. ಒಂದೇ ಜಾತಿಯ ಜೀವಿಗಳು ಹೀಗೆ ಮಾತಾಡ್ಕೊಳ್ಳೋ ವಾಸನೆಗೆ ಫೆರೋಮೋನ್ ಅಂತಾರೆ, ಆ ಹೆಸರು ಹುಟ್ಟಿದ್ದೂ ಅದೇ ವರ್ಷ.

ಅಣು ಗೊತ್ತಾದ ಮೇಲೆ ಅದನ್ನ ಕಾರ್ಖಾನೆಯಲ್ಲಿ ಮಾಡಬಹುದು, ಮಾಡಿ ಬಲೆಯಲ್ಲಿ ಇಟ್ರೆ ಹುಳ ತಾನಾಗಿ ಬಂದು ಬೀಳುತ್ತೆ. ಹೊಲಕ್ಕೆಲ್ಲ ವಿಷ ಹೊಡೆಯೋ ಬದಲು ಬೇಕಾದ ಹುಳವನ್ನ ಮಾತ್ರ ಕರೀಬಹುದು, ಜೇನಿಗೆ ತೊಂದರೆ ಇಲ್ಲ, ಹಣ್ಣಿನ ಮೇಲೆ ವಿಷ ಉಳಿಯಲ್ಲ.

ಹಣ್ಣು ನೊಣದ ವಿಷಯದಲ್ಲಂತೂ ಈ ಶೋಧ ಆಗಿದ್ದೇ ನಮ್ಮ ದೇಶದಲ್ಲಿ, ಅದೂ ಬ್ಯೂಟೆನಾಂಟ್‌ಗಿಂತ ಎಷ್ಟೋ ಮುಂಚೆ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಅನ್ನೋ ಕೀಟತಜ್ಞ, ನೆರೆಯವರೊಬ್ಬರು ಸೊಳ್ಳೆ ಓಡಿಸೋಕೆ ಅಂತ ಸಿಟ್ರೊನೆಲ್ಲಾ ಎಣ್ಣೆ ಬಳಸಿದಾಗ ಹಣ್ಣು ನೊಣಗಳು ಬಂದು ಮುತ್ತಿಕೊಳ್ಳೋದನ್ನ ಗಮನಿಸಿದ. ಬಂದಿದ್ದೆಲ್ಲ ಗಂಡು. 1912ರಲ್ಲಿ ಅದನ್ನ ಬರೆದ, ಆಮೇಲೆ ಎಳೆಯೋ ವಸ್ತು ಮಿಥೈಲ್ ಯೂಜಿನಾಲ್ ಅಂತ 1915ರ ಹೊತ್ತಿಗೆ ಗುರುತಿಸಿದ. ಲವಂಗದ ವಾಸನೆಗೆ ಕಾರಣವಾದ ಯೂಜಿನಾಲ್‌ಗೆ ಒಂದು ಪುಟ್ಟ ಬಾಲ ಅಂಟಿಸಿದ ಹಾಗಿರೋ ಅಣು ಇದು, ತುಳಸಿಯಲ್ಲೂ ಇರುತ್ತೆ. ಇದು ನೊಣದ ಫೆರೋಮೋನ್ ಅಲ್ಲ, ಗಿಡದ ವಸ್ತು, ಗಂಡು ನೊಣ ಇದನ್ನ ತಿಂದು ತನ್ನ ಮೈಯಲ್ಲಿ ಬದಲಾಯಿಸಿ ಹೆಣ್ಣನ್ನ ಸೆಳೆಯೋಕೆ ಬಳಸುತ್ತೆ.

ಶ್ರೀನಿವಾಸಪುರದ ಕಡೆ ಮಾವಿನ ತೋಟಗಳಲ್ಲಿ ನೇತಾಡೋ ಡಬ್ಬದೊಳಗೆ ಇರೋದು ಇದೇ. ಒಂದು ಪುಟ್ಟ ಪ್ಲೈವುಡ್ ತುಂಡನ್ನ ಆಲ್ಕೊಹಾಲ್, ಮಿಥೈಲ್ ಯೂಜಿನಾಲ್, ಮೆಲಾಥಿಯಾನ್ ಅನ್ನೋ ಕೀಟನಾಶಕ ಇವುಗಳ 6:4:1 ಮಿಶ್ರಣದಲ್ಲಿ ನೆನೆಸಿ ಒಳಗೆ ಕಟ್ಟಿರ್ತಾರೆ. ಗಂಡು ನೊಣ ವಾಸನೆಗೆ ಬಂದು ನೆಕ್ಕಿ ಸಾಯುತ್ತೆ, ಗಂಡೇ ಇಲ್ಲದ ಮೇಲೆ ಹೆಣ್ಣು ಇಡೋ ಮೊಟ್ಟೆ ಮರಿಯಾಗಲ್ಲ, ಹಣ್ಣು ಕೊಯ್ದಾಗ ಒಳಗೆ ಬಿಳಿ ಹುಳ ಕಾಣಲ್ಲ. ಇದು ಚಿಕ್ಕ ವಿಷಯ ಅಲ್ಲ, 2014ರ ಮೇನಲ್ಲಿ ಯುರೋಪಿಯನ್ ಯೂನಿಯನ್ ಭಾರತದ ಮಾವನ್ನೇ ಬ್ಯಾನ್ ಮಾಡಿದ್ದು ಬಾಕ್ಸುಗಳಲ್ಲಿ ಹಣ್ಣು ನೊಣ ಸಿಕ್ಕಿದ್ದಕ್ಕೆ, 2015ರಲ್ಲಿ ಬ್ಯಾನ್ ತೆಗೆದ್ರು.

ಮಿಥೈಲ್ ಯೂಜಿನಾಲ್‌ಗೆ ಒಂದು ತೊಂದರೆ, ನಮ್ಮ ಬಿಸಿಲಿಗೆ ಬೇಗ ಹಾರಿಹೋಗುತ್ತೆ. ಬೆಂಗಳೂರಿನ ಐಐಎಸ್‌ಸಿ ಮತ್ತು ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಸೇರಿ ಅದನ್ನ ಜೆಲ್ ರೂಪಕ್ಕೆ ತಂದು ಸೀಬೆ ತೋಟದಲ್ಲಿ ಪರೀಕ್ಷೆ ಮಾಡಿದ್ರು, 2013ರಲ್ಲಿ ಪ್ರಕಟ ಆಯ್ತು. ಜೆಲ್ಲಿನಿಂದ ಅಣು ನಿಧಾನಕ್ಕೆ ಬಿಡುಗಡೆಯಾಗೋದ್ರಿಂದ ಬಲೆ ಜಾಸ್ತಿ ದಿನ ಬಾಳುತ್ತೆ, ಮಳೆಗೂ ತಡ್ಕೊಳ್ಳುತ್ತೆ.

ಎಲ್ಲ ಬಲೆಯೂ ಹುಳ ಕೊಲ್ಲೋಕೇ ಅಂತ ಅಲ್ಲ. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಹಾಕೋ ಬಲೆ ಮುಖ್ಯವಾಗಿ ಲೆಕ್ಕ ಇಡೋಕೆ, ಒಂದು ಬಲೆಗೆ ದಿನಕ್ಕೆ 8 ಪತಂಗದ ಹಾಗೆ ಸತತ 3 ದಿನ ಬಿದ್ರೆ ಕ್ರಮ ತಗೊಳ್ಳೋ ಟೈಮ್ ಬಂತು ಅಂತ ಲೆಕ್ಕ. ಇನ್ನೊಂದು ವಿಧಾನದಲ್ಲಿ ಹೆಣ್ಣಿನ ವಾಸನೆಯನ್ನ ಹೊಲದ ತುಂಬಾ ಹಬ್ಬಿಸಿಬಿಡ್ತಾರೆ, ಎಲ್ಲ ಕಡೆಯಿಂದಲೂ ಅದೇ ವಾಸನೆ ಬರೋದ್ರಿಂದ ಗಂಡಿಗೆ ಅಸಲಿ ಹೆಣ್ಣು ಎಲ್ಲಿದೆ ಅಂತಲೇ ಗೊತ್ತಾಗಲ್ಲ, ಜೋಡಿ ಆಗೋದು ತಪ್ಪುತ್ತೆ. ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ಕಾಫಿಯನ್ನ ಕಾಡೋ ಬಿಳಿ ಕಾಂಡಕೊರಕದಲ್ಲಿ ಇದು ಉಲ್ಟಾ, ವಾಸನೆ ಬಿಡೋದು ಗಂಡು, ಬರೋದು ಹೆಣ್ಣು. ಆ ಹೆಣ್ಣೇ ಕಾಂಡದ ತೊಗಟೆಯಲ್ಲಿ ಮೊಟ್ಟೆ ಇಡೋದು, ಹಾಗಾಗಿ ಬಲೆಗೆ ಬಿದ್ದ ಒಂದೊಂದು ಹೆಣ್ಣಿಗೂ ಬೆಲೆ ಜಾಸ್ತಿ. ಅದು ಹಾರೋ ಕಾಲ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಬಲೆ ಅಷ್ಟರೊಳಗೆ ತೋಟದಲ್ಲಿ ಇರಬೇಕು.

ಬಲೆ ಹಾಕೋರಿಗೆ ಕೆಲವು ಮಾತು

ಹಣ್ಣು ನೊಣದ ಡಬ್ಬ ತುಂಬಿದೆ ಅಂದ ಮಾತ್ರಕ್ಕೆ ತೋಟ ಬಚಾವಾಯ್ತು ಅಂತ ಅಲ್ಲ, ಅಲ್ಲಿ ಬಿದ್ದಿರೋದು ಗಂಡು ಮಾತ್ರ. ಪಕ್ಕದ ತೋಟದಲ್ಲಿ ಜೋಡಿಯಾದ ಹೆಣ್ಣು ಹಾರಿ ಬಂದು ಮೊಟ್ಟೆ ಇಡಬಹುದು, ಅದಕ್ಕೆ ಊರಿನ ಎಲ್ಲ ತೋಟದವರೂ ಒಟ್ಟಿಗೆ ಹಾಕಿದ್ರೇ ಪ್ರಯೋಜನ, ಉದುರಿದ ಹಣ್ಣನ್ನ ಆರಿಸಿ ಹೂಳೋದನ್ನೂ ಬಿಡೋ ಹಾಗಿಲ್ಲ. ಹೀರೆ, ಸೌತೆ, ಹಾಗಲಕ್ಕೆ ಬರೋ ನೊಣ ಬೇರೆ ಜಾತಿ, ಅದು ಮಿಥೈಲ್ ಯೂಜಿನಾಲ್‌ಗೆ ಬರಲ್ಲ, ಕ್ಯೂ ಲ್ಯೂರ್ ಅನ್ನೋ ಬೇರೆ ವಾಸನೆಯ ವಸ್ತು ಬೇಕು, ಅಂಗಡಿಯಲ್ಲಿ ಬೆಳೆ ಹೆಸರು ಹೇಳಿಯೇ ಕೇಳಿ.

ತೆಂಗಿನ ಕೆಂಪು ಮೂತಿ ಹುಳದ ಬಲೆಯಲ್ಲಿ ಇನ್ನೂ ಹುಷಾರಾಗಿರಬೇಕು. ಅದರ ಫೆರೋಮೋನ್ ಗಂಡು ಹೆಣ್ಣು ಎರಡನ್ನೂ ಕರೆಯುತ್ತೆ, ಆದ್ರೆ ಬರೀ ಫೆರೋಮೋನ್ ಸಾಲದು, ಬಕೆಟ್ಟಿನೊಳಗೆ ನೀರಿಗೆ ಬಾಳೆಹಣ್ಣೋ ಅನಾನಸ್ಸೋ ಹಾಕಿ ಹುಳಿ ಬಂದಿರಬೇಕು, ಎರಡೂ ವಾಸನೆ ಸೇರಿದಾಗಲೇ ಹುಳ ಒಳಗಿಳಿಯೋದು. ಬಕೆಟ್ಟಿನ ಹೊರಗೆ ಗೋಣಿ ಸುತ್ತಿದ್ರೆ ಹತ್ತೋಕೆ ಹಿಡಿತ ಸಿಗುತ್ತೆ. ಈ ಬಕೆಟ್ಟನ್ನ ಎಳೇ ತೆಂಗಿನ ಸಸಿಗಳ ಮಧ್ಯೆ ಇಡಬೇಡಿ, ದೂರದಿಂದ ಬಂದ ಹುಳ ಎಲ್ಲವೂ ಬಲೆಗೇ ಬೀಳಲ್ಲ, ಕೆಲವು ಪಕ್ಕದ ಸಸಿಗೇ ಹತ್ತಿಬಿಡ್ತವೆ, ತೋಟದ ಅಂಚಲ್ಲಿ ಇಡೋದು ಸರಿ. ವಾರಕ್ಕೊಮ್ಮೆ ಹುಳ ತೆಗೆದು ಹಣ್ಣಿನ ನೀರು ಬದಲಾಯಿಸಿ. ಲ್ಯೂರಿನ, ಅಂದ್ರೆ ಹುಳ ಸೆಳೆಯೋ ವಾಸನೆಯ ವಸ್ತುವಿನ, ಪ್ಯಾಕೆಟ್ಟನ್ನ ಬಳಸೋ ದಿನದ ತನಕ ಒಡೆಯದೆ ತಂಪಾದ ಜಾಗದಲ್ಲಿಡಿ, ಕಟ್ಟೋವಾಗ ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಒಂದು ಹುಳದ ಲ್ಯೂರ್ ಮುಟ್ಟಿದ ಕೈಯಲ್ಲೇ ಇನ್ನೊಂದನ್ನ ಮುಟ್ಟಿದ್ರೆ ವಾಸನೆ ಬೆರೆತು ಎರಡೂ ಬಲೆ ಕೆಡಬಹುದು.